ವಾರಕ್ಕೊಂದು ಗಂಟೆ ಕೊಡಿ: ಆಕಾಶವಾಣಿ ಮುಂಬೈ ಕೇಂದ್ರಕ್ಕೆ ಬಹಿರಂಗ ಪತ್ರ

ಆಕಾಶವಾಣಿ ಮುಂಬೈ ಕೇಂದ್ರದ ಮುಖ್ಯಸ್ಥರಿಗೆ,

ಮಾನ್ಯರೇ, ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮುಂಬೈ ರೇಡಿಯೊದಲ್ಲಿ ವಾರಕ್ಕೊಂದು ಗಂಟೆಯನ್ನು ಕನ್ನಡದ ಜನಪದ ಹಾಡಿಗೆ ಕೊಡಿ. ಆ ಗಂಟೆಯನ್ನು ನಡೆಸುವವರು ಸ್ವತಃ ಹಾಡುಗಾರರಾಗಿರಲಿ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ದನಿ. ಬೇಡಿಕೆ ಇಷ್ಟೇ. ಇದು ಯಾಕೆ ಬೇಕು, ಹೇಗೆ ಆಗುತ್ತದೆ ಅನ್ನುವುದನ್ನು ಮುಂದೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕೊನೆತನಕ ಓದಿ.

ನಾನು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಹಾಡುಗಾರ್ತಿ ಅಲ್ಲ, ರೇಡಿಯೊದಲ್ಲಿ ಕೆಲಸ ಮಾಡಿದವಳೂ ಅಲ್ಲ. ಆದರೆ ಹಾಡುವವರ ಮಕ್ಕಳಿಗೆ ಅಕ್ಷರ ಕಲಿಸಿದ್ದೇನೆ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಕುಂದಾಪುರ, ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಈ ಪತ್ರವನ್ನು ನಿಮ್ಮ ಕಚೇರಿಗಷ್ಟೇ ಕಳಿಸಬಹುದಿತ್ತು. ಎಲ್ಲರೆದುರು ಬರೆಯುತ್ತಿರುವುದು ಯಾಕೆಂದರೆ ಇದರಲ್ಲಿ ನಮ್ಮ ಕನ್ನಡ ಸಂಘಗಳಿಗೂ ಕೆಲಸ ಇದೆ. ಅವರೂ ಓದಲಿ.

ಒಬ್ಬ ಹಾಡುಗಾರನ ಕೈಗೆ ಮೈಕು ಕೊಟ್ಟು, ಅಲ್ಲಿಂದ ಎಬ್ಬಿಸದೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರವಾಗಿ ಒಬ್ಬರ ಇಡೀ ಬದುಕೇ ನಮ್ಮ ಮುಂದಿದೆ. ಅವರು ಅಮೆರಿಕದ ಜನಪದ ಹಾಡುಗಾರ ಆಸ್ಕರ್ ಬ್ರ್ಯಾಂಡ್. 1920ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿ, ಮನೆಯವರ ಜೊತೆ ಅಮೆರಿಕಕ್ಕೆ ಬಂದು, ಕೊನೆಗೆ ನ್ಯೂಯಾರ್ಕ್ ಸೇರಿದವರು. ಬ್ರೂಕ್ಲಿನ್ ಕಾಲೇಜಿನಲ್ಲಿ ಓದಿದ್ದು ಮನಃಶಾಸ್ತ್ರ. (ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರೂ ಮನಃಶಾಸ್ತ್ರದ ಮೇಷ್ಟ್ರು. ಕೇಳುವವರ ಮನಸ್ಸು ತಿಳಿದವರಿಗೆ ರೇಡಿಯೊ ಒಲಿಯುತ್ತದೋ ಏನೋ.) ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರ್ಯಾಂಡ್ ಸೈನ್ಯದಲ್ಲಿದ್ದರು. 1945ರಲ್ಲಿ ಹೊರಗೆ ಬಂದ ಮೇಲೆ ನ್ಯೂಯಾರ್ಕಿನ ರೇಡಿಯೊ ಕೇಂದ್ರಗಳಿಗೆ ಪತ್ರ ಬರೆದರು. ಜನ ಅಷ್ಟಾಗಿ ಕೇಳಿರದ ಕ್ರಿಸ್‌ಮಸ್ ಹಾಡುಗಳು ನನಗೆ ಗೊತ್ತು, ಹಾಡುತ್ತೇನೆ, ಅವಕಾಶ ಕೊಡಿ ಎಂದು.

ಒಂದು ಕೇಂದ್ರ ಕರೆಯಿತು. ಡಬ್ಲ್ಯೂಎನ್‌ವೈಸಿ ಅದರ ಹೆಸರು. ಆಗ ಅದು ಖಾಸಗಿಯವರದ್ದಲ್ಲ, ನ್ಯೂಯಾರ್ಕ್ ನಗರಾಡಳಿತದ್ದು. 1924ರಲ್ಲಿ ಶುರುವಾದ ರೇಡಿಯೊ. ಅದೇ 1945ರ ಜುಲೈಯಲ್ಲಿ ಪತ್ರಿಕೆ ಹಂಚುವವರ ಮುಷ್ಕರ ನಡೆದು ಮನೆಗಳಿಗೆ ಪೇಪರ್ ಬರಲಿಲ್ಲ. ಆಗ ನಗರದ ಮೇಯರ್ ಲಾ ಗಾರ್ಡಿಯಾ ಇದೇ ರೇಡಿಯೊದಲ್ಲಿ ಕೂತು ಪೇಪರಿನ ಚಿತ್ರಕಥೆಗಳನ್ನು ಮಕ್ಕಳಿಗಾಗಿ ಓದಿ ಹೇಳಿದರು. ಜನರ ದುಡ್ಡಿನಲ್ಲಿ ನಡೆಯುವ ರೇಡಿಯೊ ಜನರಿಗೆ ಎಷ್ಟು ಹತ್ತಿರ ಇರಬಹುದು ನೋಡಿ.

ಡಿಸೆಂಬರಿನಲ್ಲಿ ಬ್ರ್ಯಾಂಡ್ ಗಿಟಾರ್ ಹಿಡಿದು ಹೋದರು, ಹಾಡಿದರು. ಮುಂದಿನ ವಾರವೂ ಹೋದರು. ಅದರ ಮುಂದಿನ ವಾರವೂ. 2016ರಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಳ್ಳುವ ವರ್ಷದವರೆಗೂ ಆ ಕಾರ್ಯಕ್ರಮ ನಡೆಯಿತು. ಒಬ್ಬರೇ ನಿರೂಪಕರು, 70 ವರ್ಷ. ಇಷ್ಟು ದೀರ್ಘ ಕಾಲ ಒಬ್ಬರೇ ನಡೆಸಿದ ರೇಡಿಯೊ ಕಾರ್ಯಕ್ರಮ ಬೇರೆ ಇಲ್ಲ ಎಂದು ಗಿನ್ನೆಸ್‌ನವರು ದಾಖಲೆ ಕೊಟ್ಟರು. 1995ರಲ್ಲಿ, ರೇಡಿಯೊ, ಟೀವಿಯ ಒಳ್ಳೆಯ ಕೆಲಸಕ್ಕೆ ಕೊಡುವ ಪೀಬಾಡಿ ಪ್ರಶಸ್ತಿ ಬಂತು. ಈ ನಡುವೆ ಅವರೂ ನೂರಾರು ಹಾಡು ಕಟ್ಟಿದರು, ಸಾಲುಸಾಲಾಗಿ ರೆಕಾರ್ಡ್ ತಂದರು, ಕೆನಡಾದ ಟೀವಿಯಲ್ಲಿ ಹಾಡಿನ ಕಾರ್ಯಕ್ರಮ ನಡೆಸಿದರು. ಆದರೆ ವಾರದ ಆ ಹೊತ್ತನ್ನು ಮಾತ್ರ ಕೈಬಿಡಲಿಲ್ಲ.

ಅವರ ಮೈಕಿನ ಮುಂದೆ ಬಂದು ಹಾಡಿದವರನ್ನು ನೋಡಿ. ಲೆಡ್‌ಬೆಲಿ ಲೂಸಿಯಾನಾದವರು, ಜೈಲು ಕಂಡು ಬಂದ ಕರಿಯ ಹಾಡುಗಾರ. ವುಡಿ ಗತ್ರಿ ಓಕ್ಲಹೋಮಾದವರು. 1961ರಲ್ಲಿ ಬಂದ 20ರ ಹುಡುಗ ಬಾಬ್ ಡಿಲನ್ ಮಿನೆಸೋಟದವನು. ನಾನು ಊರೂರು ತಿರುಗುವ ಜಾತ್ರೆ ತಂಡದಲ್ಲಿದ್ದವನು ಎಂದು ಆ ಹುಡುಗ ರೇಡಿಯೊದಲ್ಲಿ ಕಥೆ ಹೊಡೆದ. ಅದು ನಿಜ ಆಗಿರಲಿಲ್ಲ. ಹಾಡಿದ್ದು ಮಾತ್ರ ಉಳಿಯಿತು. ಇವರಲ್ಲಿ ಯಾರೂ ನ್ಯೂಯಾರ್ಕಿನಲ್ಲಿ ಹುಟ್ಟಿದವರಲ್ಲ. ಎಲ್ಲೆಲ್ಲಿಂದಲೋ ದೊಡ್ಡ ಪಟ್ಟಣಕ್ಕೆ ಬಂದವರು. ಬರುವಾಗ ತಮ್ಮ ಊರಿನ ಹಾಡು ತಂದರು. ಅದನ್ನು ಕೇಳಿಸಿಕೊಳ್ಳಲು ಆ ಪಟ್ಟಣದಲ್ಲಿ ಒಬ್ಬ ಮನುಷ್ಯ ಪ್ರತಿ ವಾರ ಕಾದು ಕೂತಿದ್ದ.

ನನ್ನ ಪತ್ರದ ಜೀವಾಳ ಇಲ್ಲಿದೆ. ಮುಂಬೈ ಕೂಡ ಅಂಥದೇ ಪಟ್ಟಣ ಅಲ್ವಾ? ಇಲ್ಲಿ ಹಾಡು ಇದೆ, ಹಾಡುವವರು ಇದ್ದಾರೆ. ಕಾದು ಕೂತವರು ಬೇಕಾಗಿದ್ದಾರೆ.

ಮುಂಬೈ ರೇಡಿಯೊ ಕನ್ನಡಿಗರಿಗೆ ಪರಕೀಯ ಅಲ್ಲ ಎಂಬುದನ್ನೂ ನೆನಪಿಸಬೇಕು. 1927ರ ಜುಲೈ 23ರಂದು ಇಲ್ಲಿ ಪ್ರಸಾರ ಶುರುವಾದಾಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಧಾರವಾಡಕ್ಕೆ ತನ್ನದೇ ಕೇಂದ್ರ ಬಂದದ್ದು 1950ರ ಜನವರಿಯಲ್ಲಿ. ಆ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಇವರೆಲ್ಲ, ಹೆಂಗಸರ ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದಾಗ ಹಲಸಂಗಿಯೂ ಮುಂಬೈ ಪ್ರಾಂತ್ಯದ ಹಳ್ಳಿಯೇ. ಸಾವಿರ ಹಾಡಿನ ಸರದಾರ ಎಂದು ಹೆಸರಾದ ಹುಕ್ಕೇರಿ ಬಾಳಪ್ಪನವರು ಸ್ವಾತಂತ್ರ್ಯಕ್ಕಾಗಿ, ಏಕೀಕರಣಕ್ಕಾಗಿ ಊರೂರು ಸುತ್ತಿ ಹಾಡಿದಾಗಲೂ ಅವರ ಬೆಳಗಾವಿ ಜಿಲ್ಲೆ ಇದೇ ಪ್ರಾಂತ್ಯದಲ್ಲಿತ್ತು. ಗಡಿ ಬದಲಾಯಿತು. ಜನ ಬರುವುದು ನಿಲ್ಲಲಿಲ್ಲ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಜನ ಕನ್ನಡ ನಮ್ಮ ತಾಯಿನುಡಿ ಎಂದು ಬರೆಸಿದ್ದಾರೆ. ಇವರಲ್ಲಿ ಸೊಲ್ಲಾಪುರ, ಸಾಂಗಲಿ ಕಡೆಯವರೂ ಇದ್ದಾರೆ, ಮುಂಬೈ, ಠಾಣೆಯವರೂ ಇದ್ದಾರೆ.

ಈಗ ಹಾಡು ಎಲ್ಲಿದೆ ಎಂದು ಹೇಳುತ್ತೇನೆ. ಬೆಳಗ್ಗೆ ನಾಕಾದಲ್ಲಿ ಕೂಲಿಗೆ ಕಾದು ನಿಂತಿರುವವರ ನಡುವೆ ಇದೆ. ರಾತ್ರಿ ತಗಡಿನ ಶೆಡ್ಡುಗಳ ಮುಂದೆ ಭಜನೆಗೆ ಕೂತವರ ಏಕತಾರಿಯಲ್ಲಿದೆ. ಅಲ್ಲಿ ಶಿಶುನಾಳ ಶರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ ನಡೆಯುತ್ತವೆ. ಮೊಹರಂ ಬಂದರೆ ರಿವಾಯತ್ ಹಾಡು ಕೇಳಬಹುದು. ಎಲ್ಲಮ್ಮನ ಹುಣ್ಣಿಮೆಗೆ ಚೌಡಿಕೆ ಪದ. ಮದುವೆ ಮನೆಯಲ್ಲಿ ಸೋಬಾನೆ. ಕರಾವಳಿಯ ಅಜ್ಜಿಯಂದಿರ ಹತ್ತಿರ ಪಾಡ್ದನ ಇದೆ, ನಾಟಿ ಗದ್ದೆಯ ಓಬೇಲೆ ಇದೆ. (ಅದು ತುಳು, ಗೊತ್ತು. ಅದನ್ನೂ ಸೇರಿಸಿಕೊಳ್ಳಿ. ಮುಂಬೈಯಲ್ಲಿ ತುಳು ಬಿಟ್ಟು ಕನ್ನಡದ ಮಾತು ಆಡಲು ಆಗುವುದಿಲ್ಲ.)

ನಮ್ಮ ಶಾಲೆಯ ಒಬ್ಬ ಹುಡುಗಿಯ ತಾಯಿ ಯಾದಗಿರಿ ಕಡೆಯವರು. ಬುಟ್ಟಿಯಲ್ಲಿ ಮರಳು ಹೊರುವ ಕೆಲಸ. ಶಾಲೆಯ ಹಬ್ಬಕ್ಕೆ ಹಾಡಿ ಎಂದು ಒತ್ತಾಯ ಮಾಡಿ ಕರೆದಿದ್ದೆವು. ಸೆರಗು ಸರಿಮಾಡಿಕೊಂಡು ನಿಂತವರು, ಮಕ್ಕಳಿಗೆ ಊಟದ ಹೊತ್ತು ಆಗುವ ತನಕ ನಿಲ್ಲಿಸಲಿಲ್ಲ. ಒಂದು ತ್ರಿಪದಿ ಮುಗಿಯುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತಿತ್ತು. ತವರು, ಅಣ್ಣ, ಜಾತ್ರೆ, ಎತ್ತು, ಮಳೆ. ಕೊನೆಗೆ ಮುಂಬೈಯ ಲೋಕಲ್ ಕೂಡ ಬಂತು! ತವರಿಗೆ ಹೋಗುವ ಬಂಡಿಯ ಜಾಗದಲ್ಲಿ ಕಲ್ಯಾಣದ ಗಾಡಿ ಬಂದು ಕೂತಿತ್ತು. ಧಾಟಿ ಒಂದಿಷ್ಟೂ ಕದಲಲಿಲ್ಲ. ಇದನ್ನೆಲ್ಲ ಯಾರಿಂದ ಕಲಿತಿರಿ ಎಂದು ಕೇಳಿದೆ. "ಕಲಿಯೂದೇನದರಿ ಟೀಚರ್, ನಮ್ಮವ್ವ ಬೀಸೂವಾಗ ಅಂತಿದ್ಲು, ನಾನೂ ಅಂತೀನಿ" ಅಂದರು.

ಆ ಲೋಕಲ್ ಗಾಡಿಯ ತ್ರಿಪದಿ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಧಾರವಾಡದಲ್ಲೂ ಸಿಗಲಿಕ್ಕಿಲ್ಲ. ಅದು ಹುಟ್ಟಿದ್ದು ಇಲ್ಲಿ. ನಾವು ಆ ದಿನ ಅದನ್ನು ಧ್ವನಿಮುದ್ರಣ ಮಾಡಿಕೊಳ್ಳಲಿಲ್ಲ. ಶಾಲೆಯಲ್ಲಿ ಅಂಥ ಅನುಕೂಲ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವರ ಮನೆಯವರು ಬೇರೆ ಕಡೆ ಹೋದರು, ಹುಡುಗಿಯ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಇಂಥವರು ಈ ಪಟ್ಟಣದಲ್ಲಿ ಇನ್ನೂ ಎಷ್ಟು ಜನ ಇರಬಹುದು ಯೋಚಿಸಿ.

ಇದೇ ವಿಚಾರವನ್ನು ನಾವು ಕೆಲವರು ಒಂದು ಖಾಸಗಿ ಎಫ್‌ಎಂನವರ ಮುಂದೆ ಇಟ್ಟಿದ್ದೆವು. ಮರ್ಯಾದೆಯಿಂದಲೇ ಮಾತಾಡಿಸಿದರು. ಕನ್ನಡಕ್ಕೆ ಇಲ್ಲಿ ಜಾಹೀರಾತು ಸಿಗಲ್ಲ, ಜನಪದಕ್ಕಂತೂ ಇಲ್ಲವೇ ಇಲ್ಲ ಎಂದರು. ಅವರ ಲೆಕ್ಕ ಅವರಿಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಗಾಗಿಯೇ ನಿಮ್ಮ ಬಾಗಿಲಿಗೆ ಬಂದಿದ್ದೇವೆ. ಜಾಹೀರಾತಿನವರ ಮುಖ ನೋಡದೆ ಇಂಥ ಕೆಲಸ ಮಾಡಲು ಆಗುವುದು ಸಾರ್ವಜನಿಕ ರೇಡಿಯೊಗೆ ಮಾತ್ರ. 1950ರ ದಶಕದಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರು ಎಂಬ ಅನುಮಾನದ ಮೇಲೆ ಎಷ್ಟೋ ಕಲಾವಿದರನ್ನು ರೇಡಿಯೊ, ಟೀವಿಗಳು ದೂರ ಇಟ್ಟವು. ಹೆಸರಾಂತ ಜನಪದ ಹಾಡುಗಾರ ಪೀಟ್ ಸೀಗರ್‌ಗೂ ದೊಡ್ಡ ಟೀವಿಗಳ ಬಾಗಿಲು ವರ್ಷಗಟ್ಟಲೆ ಮುಚ್ಚಿತ್ತು. ಅಂಥವರನ್ನೂ ಬ್ರ್ಯಾಂಡ್ ಕರೆಸಿ ಹಾಡಿಸಿದರು. ಜಾಹೀರಾತಿನ ಹಂಗಿಲ್ಲದ ನಗರದ ರೇಡಿಯೊ ಆದ್ದರಿಂದ ಅದು ಸಾಧ್ಯವಾಯಿತು ಎಂದು ನನ್ನ ನಂಬಿಕೆ.

ಹಾಡುಗಾರರೇ ನಡೆಸಲಿ ಎಂದು ಯಾಕೆ ಹಟ ಹಿಡಿದಿದ್ದೇನೆ ಎಂದರೆ, ಜನಪದ ಹಾಡಿಗೆ ಸುತ್ತಲಿನ ಮಾತು ಬೇಕು. ಯಾವ ಕೆಲಸ ಮಾಡುತ್ತಾ ಹಾಡುವುದು, ಯಾರು ಎತ್ತಿಕೊಡುವುದು, ಸೊಲ್ಲು ಹಿಡಿಯುವವರು ಎಷ್ಟು ಜನ, ಎಲ್ಲಿ ಉಸಿರು ತೆಗೆದುಕೊಳ್ಳುವುದು. ಬರೆದುಕೊಟ್ಟದ್ದನ್ನು ಓದುವ ಉದ್ಘೋಷಕರು 'ಈಗ ಒಂದು ಜನಪದ ಗೀತೆ' ಎಂದು ಹೇಳಿ ಸುಮ್ಮನಾಗುತ್ತಾರೆ. ಹಾಡು ಬಲ್ಲವರು ಹಾಗೆ ಮಾಡಲ್ಲ. ಎದುರು ಕೂತ ಅಜ್ಜಿ ಮರೆತರೆ ಮುಂದಿನ ಸಾಲು ಎತ್ತಿಕೊಡುತ್ತಾರೆ. ಅಂಜಿದರೆ ತಾವೇ ಮೊದಲು ಹಾಡಿ ಅಂಜಿಕೆ ಬಿಡಿಸುತ್ತಾರೆ. 'ನಮ್ಮ ಕಡೆ ಇದನ್ನು ಹೀಗೆ ಹಾಡ್ತೀವಿ, ನಿಮ್ಮಲ್ಲಿ ಹ್ಯಾಂಗೆ?' ಎಂದು ಕೇಳುತ್ತಾರೆ. ಆಗ ಆಕೆ ಇನ್ನೂ ನಾಲ್ಕು ಹಾಡು ಹೊರಗೆ ತೆಗೆಯುತ್ತಾಳೆ. ಬರೀ ಪ್ರಶ್ನೆ ಕೇಳುವವರಿಗೆ ಆ ನಾಲ್ಕು ಹಾಡು ಸಿಗುವುದಿಲ್ಲ. ಹಲಸಂಗಿಯವರು ಅಚ್ಚು ಹಾಕಿಸಿದ ಪುಣ್ಯದಿಂದ ಪದಗಳು ಉಳಿದವು. ಧಾಟಿ ಕಾಗದದ ಮೇಲೆ ನಿಲ್ಲಲಿಲ್ಲ. ರೇಡಿಯೊದಲ್ಲಿ ಎರಡೂ ನಿಲ್ಲುತ್ತವೆ.

ಒಂದೇ ದನಿ ಇರಬೇಕು ಅನ್ನುವುದನ್ನು ಮುಂಬೈಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೀನ್ ಸಯಾನಿಯವರ ಊರು ಇದು. 1952ರಿಂದ ಅವರ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಸಿಲೋನ್ ರೇಡಿಯೊದಲ್ಲಿ ಬರುತ್ತಿತ್ತು, ಧ್ವನಿಮುದ್ರಣ ಆಗುತ್ತಿದ್ದದ್ದು ಇಲ್ಲಿ. ಹಾಡಿಗಾಗಿ ರೇಡಿಯೊ ಹಾಕಿದವರು ಅವರ ದನಿಗಾಗಿ ಕೂತರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಟ್ಟಡದ ಹಿರಿಯರೆಲ್ಲ ತಮ್ಮವರನ್ನೇ ಕಳೆದುಕೊಂಡ ಹಾಗೆ ಮಾತಾಡಿದರು.

ನೀವು ಹೇಳಬಹುದು: ಈಗ ಫೋನಿನಲ್ಲೇ ಧಾರವಾಡ, ಮಂಗಳೂರು, ಕಾರವಾರ ಎಲ್ಲ ಬರುತ್ತದಲ್ಲ, ನ್ಯೂಸ್‌ಆನ್‌ಏರ್ ಆ್ಯಪ್ ಇದೆಯಲ್ಲ ಎಂದು. ನಿಜ, ನಾನೂ ಕೇಳುತ್ತೇನೆ. ಬಹಳ ಒಳ್ಳೆಯ ಅನುಕೂಲ. ಆದರೆ ಧಾರವಾಡ ಕೇಂದ್ರದವರು ಗೋವಂಡಿಗೆ ಬಂದು ಚೌಡಿಕೆಯವರನ್ನು ಹುಡುಕಲು ಆಗುತ್ತದಾ? ಡೊಂಬಿವಲಿಯ ಭಜನಾ ಮಂಡಳಿಯನ್ನು ಸ್ಟುಡಿಯೊಗೆ ಕರೆಸಲು ಆಗುತ್ತದಾ? ಕೇಳುವುದಕ್ಕೆ ದೂರ ಇಲ್ಲ ಈಗ. ಹಾಡುವುದಕ್ಕೆ ಇದೆ. ಮೈಕು ಹತ್ತಿರ ಇರಬೇಕು. ಇಲ್ಲಿ ಹಾಡಿದ್ದು ಅದೇ ಆ್ಯಪ್‌ನಲ್ಲಿ ಯಾದಗಿರಿಯಲ್ಲಿರುವ ಅವರ ಅವ್ವನಿಗೂ ಕೇಳಿಸಲಿ.

ಮರಾಠಿ ಕೇಳುಗರಿಗೆ ಬೇಸರ ಆಗುತ್ತದೆ ಎಂಬ ಅಳುಕೂ ಬೇಡ. ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ವಾದ. ಮರಾಠಿಯ ಕಲ್ಗಿ-ತುರಾದಲ್ಲೂ ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ವಾದ. ಡಪ್ಪು, ತುಂತುಣಿ ಎರಡೂ ಕಡೆ ಇವೆ. ಒಂದು ವಾರ ಒಬ್ಬ ಮರಾಠಿ ಶಾಹೀರರನ್ನೂ (ಅವರ ಲಾವಣಿ ಹಾಡುಗಾರರು) ನಮ್ಮ ಗೀಗೀ ಮೇಳವನ್ನೂ ಒಟ್ಟಿಗೆ ಕೂರಿಸಿ ನೋಡಿ. ಇಂಥ ಕಾರ್ಯಕ್ರಮ ಮುಂಬೈ ಬಿಟ್ಟು ಬೇರೆ ಕಡೆ ಸುಲಭಕ್ಕೆ ಆಗಲ್ಲ.

ಇನ್ನು ಕೆಲಸದ ಮಾತು. ನಿಮ್ಮ ಆಡಿಷನ್ ಪದ್ಧತಿ ನನಗೆ ಗೊತ್ತು: ಅರ್ಜಿ, ಶುಲ್ಕ, ಸಮಿತಿಯ ಮುಂದೆ ಹಾಡು, ಆಮೇಲೆ ಬಿ, ಬಿ ಹೈ, ಎ, ಟಾಪ್ ಎಂದು ದರ್ಜೆ. ಶಾಸ್ತ್ರೀಯಕ್ಕೆ, ಸುಗಮ ಸಂಗೀತಕ್ಕೆ ಅದು ಸರಿ ಇರಬಹುದು. ಮರಳು ಹೊರುವ ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದು, ಗಾಜಿನ ಆಚೆ ಕೂತವರಿಗೆ ಪರೀಕ್ಷೆ ಕೊಡುವುದು ಆಗದ ಮಾತು. ನಡೆಸುವ ಹಾಡುಗಾರರನ್ನು ಬೇಕಾದರೆ ನಿಮ್ಮ ಪದ್ಧತಿಯಂತೆಯೇ ಆರಿಸಿ. ಬರುವ ಅತಿಥಿಗಳ ಹೊಣೆ ಅವರಿಗೆ ಬಿಡಿ. ಎಷ್ಟೋ ಸಲ ಅತಿಥಿ ಸ್ಟುಡಿಯೊಗೆ ಬರುವುದೂ ಬೇಡ. ಒಂದು ಸಣ್ಣ ರೆಕಾರ್ಡರ್ ಹಿಡಿದು ಅವರಿದ್ದಲ್ಲಿಗೇ ಹೋದರಾಯಿತು. ಗೀತರಚನೆ ಯಾರದು ಎಂಬ ಕಲಮಿನಲ್ಲಿ ಹಾಡಿದವರ ಹೆಸರು, ಅವರ ಊರು, ಕಲಿಸಿದ ತಾಯಿಯ ಹೆಸರು ಬರೆಸಿ.

ಹಣದ ವಿಷಯದಲ್ಲಿ ಮಾತ್ರ ಬ್ರ್ಯಾಂಡ್ ಅವರ ದಾರಿ ನಮಗೆ ಬೇಡ. ಆ ಕಾರ್ಯಕ್ರಮಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ, ಕರಾರೂ ಇರಲಿಲ್ಲ. ಅವರಿಗೆ ಬೇರೆ ಸಂಪಾದನೆ ಇತ್ತು. 1952ರಲ್ಲಿ ಡೋರಿಸ್ ಡೇ ಹಾಡಿ ಮನೆಮಾತಾದ ಒಂದು ಹಾಡು ಇವರು ತಿದ್ದಿ ಕಟ್ಟಿದ್ದೇ. ನಮ್ಮ ಹಾಡುಗಾರರಿಗೆ ಅಂಥ ಆಸರೆ ಇಲ್ಲ. ಜನಪದ ಎಂದರೆ ಪುಕ್ಕಟೆ ಎಂದು ಎಲ್ಲರೂ ತಿಳಿದಿದ್ದಾರೆ. ಸಂಘಗಳ ವೇದಿಕೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. 2025ರ ಫೆಬ್ರವರಿಯಲ್ಲಿ ಅವರು ಹೋದರು. ಪ್ರಶಸ್ತಿ ಬರುವ ಹೊತ್ತಿಗೆ ವಯಸ್ಸಾಗಿಬಿಟ್ಟಿರುತ್ತದೆ. ಹಾಡುವ ಕಾಲದಲ್ಲಿ ಒಂದು ಚೆಕ್ ಕೈಗೆ ಬಂದರೆ ಅದರ ಬೆಲೆಯೇ ಬೇರೆ. ನಡೆಸುವವರಿಗೂ ಬರುವವರಿಗೂ ದುಡ್ಡು ಕೊಡಿ. ಕೂಲಿಯವರಿಗೆ ಆ ದಿನದ ಕೂಲಿಗಿಂತ ಕಡಿಮೆ ಆಗದಂತೆ ಕೊಡಿ.

ಇನ್ನೊಂದು ವಿನಂತಿ. ಹಾಡುಗಳನ್ನು ತೊಳೆದು ಇಸ್ತ್ರಿ ಮಾಡಬೇಡಿ. ಬೀಗರನ್ನು ಬೈಯುವ ಸೋಬಾನೆಗಳಲ್ಲಿ, ಗೀಗೀ ಸವಾಲುಗಳಲ್ಲಿ ಖಾರ ಇರುತ್ತದೆ. ಬ್ರ್ಯಾಂಡ್ ಅಮೆರಿಕದ ಪೋಲಿ ಹಾಡುಗಳನ್ನೂ ಸಂಗ್ರಹಿಸಿ ಹಾಡಿದರು. ಪ್ರಸಾರಕ್ಕೆ ಯಾವುದು ಸರಿ ಎಂದು ನೀವು ನಿರ್ಧರಿಸಿ, ಅದು ನಿಮ್ಮ ಹಕ್ಕು. ಆದರೆ ಧ್ವನಿಮುದ್ರಣ ಮಾಡುವಾಗ ಪೂರ್ತಿ ಮಾಡಿ, ಮಾಡಿದ್ದನ್ನು ಅಳಿಸಬೇಡಿ. 1961ರ ಆ ಹುಡುಗನ ಹಾಡು, ಅವನು ಹೇಳಿದ ಸುಳ್ಳು, ಎರಡೂ ಇವತ್ತಿಗೂ ಸಿಗುತ್ತವೆ ಅಂದರೆ ಅದಕ್ಕೆ ಯಾರೋ ಟೇಪನ್ನು ಜೋಪಾನ ಮಾಡಿದ್ದೇ ಕಾರಣ.

ಈಗ ನಮ್ಮವರಿಗೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ನೂರರ ಆಸುಪಾಸು. ಮಾಹಿಮಿನ ಕರ್ನಾಟಕ ಸಂಘ 1933ರದ್ದು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಅದೇ ವಿಶ್ವವಿದ್ಯಾಲಯಕ್ಕೆ ತನ್ನದೇ ಸಮುದಾಯ ರೇಡಿಯೊ ಕೂಡ ಇದೆ. ಈ ಸಂಸ್ಥೆಗಳು ನಾಟಕ, ಯಕ್ಷಗಾನ, ಸಾಹಿತ್ಯಕ್ಕೆ ಮಾಡಿದ ಕೆಲಸ ಸಣ್ಣದಲ್ಲ. ಇದೊಂದನ್ನು ಸೇರಿಸಿಕೊಳ್ಳಿ. ವಿಭಾಗದ ವಿದ್ಯಾರ್ಥಿಗಳು ವಾರಕ್ಕೊಬ್ಬ ಹಾಡುಗಾರರನ್ನು ಹುಡುಕಿ ಕೊಡಬಹುದು. ಸಂಘಗಳು ಅವರ ಹೋಗಿ ಬರುವ ಖರ್ಚು ನೋಡಿಕೊಳ್ಳಬಹುದು. 2006ರಿಂದ ಲಾಭಕ್ಕಾಗಿ ನಡೆಯದ ಸಂಸ್ಥೆಗಳೂ ಸಮುದಾಯ ರೇಡಿಯೊಗೆ ಅರ್ಜಿ ಹಾಕಬಹುದು. ಆಕಾಶವಾಣಿ ಒಪ್ಪದಿದ್ದರೆ ನಮ್ಮದೇ ದಾರಿ ನೋಡಬೇಕಾಗುತ್ತದೆ. ಆದರೆ ಮೊದಲು ಕೇಳಬೇಕಾದ್ದು ಆಕಾಶವಾಣಿಯನ್ನೇ. ಅದು ಎಲ್ಲರದ್ದು.

ಮಾನ್ಯರೇ, ಒಂದು ವರ್ಷಕ್ಕೆ ಒಪ್ಪಿ ನೋಡಿ. ನಿಮಗೆ ಅನುಕೂಲವಾದ ದಿನ ನೀವೇ ಆರಿಸಿ. ಭಾನುವಾರ ಆದರೆ ಒಳ್ಳೆಯದು. ಕಟ್ಟಡದ ಕೆಲಸದವರಿಗೆ ಅಂದು ಮಧ್ಯಾಹ್ನದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಹೋಟೆಲಿನವರಿಗೆ ಆ ದಿನ ಜಾಸ್ತಿ ಕೆಲಸ, ಹಾಗಾಗಿ ಅದೇ ಕಾರ್ಯಕ್ರಮವನ್ನು ವಾರದ ನಡುವೆ ರಾತ್ರಿ ಹೊತ್ತು ಇನ್ನೊಮ್ಮೆ ಹಾಕಿ. ನಡೆಸಿಕೊಡಬಲ್ಲ ಹಾಡುಗಾರರು, ಹಾಡುಗಾರ್ತಿಯರು ಮುಂಬೈ, ಠಾಣೆ, ನವಿ ಮುಂಬೈಯಲ್ಲಿ ಇದ್ದಾರೆ. ನೀವು ಕರೆದರೆ ಅವರ ಪಟ್ಟಿ ಹಿಡಿದುಕೊಂಡು ನಾವು ಕೆಲವು ಹಳೆಯ ಟೀಚರುಗಳು ಚರ್ಚ್‌ಗೇಟಿನ ನಿಮ್ಮ ಕಚೇರಿಗೆ ಬರುತ್ತೇವೆ. ಬೆಳಗ್ಗೆ ಹನ್ನೊಂದರ ಮೇಲೆ ಆದರೆ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ.

ಇಂತಿ,
ನಿಮ್ಮ ಕೇಳುಗರಲ್ಲಿ ಒಬ್ಬಳು,
ಡೊಂಬಿವಲಿ